ಆಕ್ಟೇವ್ ಆಮೇಲೆ, ಮೊದಲು ಕೈ ಎಣಿಸು

ಮಗಳೇ, ನಿಮ್ಮ ಶಾಲೆಯಲ್ಲಿ ಹ್ಯಾಂಡ್ ಚೈಮ್ ಗುಂಪು ಕಟ್ಟುವ ಕೆಲಸ ನಿನ್ನ ತಲೆಗೇ ಬಂದಿದೆಯೆಂದು ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ದುಡ್ಡು ಮಂಜೂರಾಗಿದೆ, ಯಾವ ಸೆಟ್ ಕೊಳ್ಳಬೇಕೆಂದು ತೋಚದೆ ಕ್ಯಾಟಲಾಗ್ ತಿರುವಿ ಹಾಕುತ್ತಿದ್ದೀಯಂತೆ. ಪೆನ್ಸಿಲ್ವೇನಿಯಾದ ಚರ್ಚೊಂದರ ಬೆಲ್ ಗುಂಪಿನಲ್ಲಿ ನಿಂತು ಭುಜ ಸವೆಸಿಕೊಂಡವಳು ನಿನ್ನ ದೊಡ್ಡಮ್ಮ. ನಾಲ್ಕು ಮಾತು ಹೇಳುತ್ತೇನೆ, ಕೇಳಿದ ಮೇಲೆ ನಿನಗೆ ಸರಿ ಕಂಡಂತೆ ಮಾಡು.

ಕಂಪನಿಯ ಹೆಸರು ಆಮೇಲಿರಲಿ. ತಪ್ಪದೆ ಬರುವ ಮಕ್ಕಳೆಷ್ಟು ಅಂತ ಮೊದಲು ನೋಡು. ಹೆಸರು ಬರೆಸಿದವರನ್ನು ಬಿಡು, ಫುಟ್‌ಬಾಲ್ ಪಂದ್ಯ ಇದ್ದ ಸಂಜೆಯೂ ಅಭ್ಯಾಸಕ್ಕೆ ಬರುವವರನ್ನು ಎಣಿಸು. ಎರಡು ಆಕ್ಟೇವಿನ ಸೆಟ್ ಅಂದರೆ ಜಿ4ರಿಂದ ಜಿ6ರವರೆಗೆ 25 ಚೈಮು. ಮೂರು ಆಕ್ಟೇವಾದರೆ ಸಿ4ರಿಂದ ಸಿ7ರವರೆಗೆ 37. ಪಿಯಾನೋದ ಬಿಳಿ ಮನೆಗಳನ್ನು ಎರಡೆರಡರಂತೆ ಹಂಚಿ, ಪಕ್ಕದ ಕಪ್ಪು ಮನೆಯನ್ನೂ ಅವರವರ ಪಾಲಿಗೇ ಬಿಡುವುದು ರೂಢಿ. ಆ ಲೆಕ್ಕದಲ್ಲಿ ಎರಡು ಆಕ್ಟೇವಿಗೆ ಎಂಟು ಜನ ಬೇಕು, ಮೂರಕ್ಕೆ ಹನ್ನೊಂದು. ಹಾಡುವ ಗುಂಪಿನಲ್ಲಿ ಒಬ್ಬ ಬರದಿದ್ದರೆ ಪಕ್ಕದವನು ದನಿ ಎತ್ತಿ ಮುಚ್ಚಿಬಿಡಬಹುದು. ಇಲ್ಲಿ ಒಬ್ಬ ತಪ್ಪಿಸಿಕೊಂಡರೆ ಹಾಡಿನುದ್ದಕ್ಕೂ ಅವನ ಎರಡು ಸ್ವರಗಳ ಜಾಗ ಬೋಳು. ಅದಕ್ಕೇ ಹೇಳುವುದು, ನಿನ್ನಲ್ಲಿ ಖಚಿತವಾಗಿ ಒಂಬತ್ತು ಮಕ್ಕಳಿದ್ದರೆ ಎರಡು ಆಕ್ಟೇವೇ ಸಾಕು. ಉಳಿದ ಒಬ್ಬರು ಯಾರದಾದರೂ ಗೈರುಹಾಜರಿಗೆ ಬರುತ್ತಾರೆ. ಅದೇ ಕಂಪನಿಯ ಮೂರನೆಯ ಆಕ್ಟೇವನ್ನು ಮುಂದೆ ಸೇರಿಸಿಕೊಳ್ಳಬಹುದು. ಪ್ರಿನ್ಸಿಪಾಲರು ದೊಡ್ಡ ಪೆಟ್ಟಿಗೆ ನೋಡಿ ಖುಷಿಪಡುತ್ತಾರೆಂದು ಐದು ಆಕ್ಟೇವಿಗೆ ಕೈ ಹಾಕಬೇಡ. ಕೆಳಗಿನ ಸ್ವರದ ಚೈಮುಗಳು ಉದ್ದ, ಭಾರ. ಆರನೇ ತರಗತಿಯ ಮಗು ಅವನ್ನು ಹಿಡಿದುಕೊಂಡು ತಾಳಕ್ಕೆ ಸರಿಯಾಗಿ ಬಾರಿಸಲಾರದು.

ಈಗ ವಾದ್ಯದ ಹೊಟ್ಟೆಯೊಳಗೆ ಏನಿದೆ ನೋಡು. ಒಂದು ಅಲ್ಯೂಮಿನಿಯಂ ಕೊಳವೆ, ಅದರ ಮೇಲ್ತುದಿಯನ್ನು ಸೀಳಿ ಎರಡು ಕವಲು ಮಾಡಿರುತ್ತಾರೆ. ಹೈಸ್ಕೂಲಿನ ವಿಜ್ಞಾನದ ಕೋಣೆಯಲ್ಲಿದ್ದ ಶ್ರುತಿಕವೆಯೇ ಅದು. ಕವಲು ಕಂಪಿಸುತ್ತದೆ, ಕೊಳವೆಯೊಳಗಿನ ಗಾಳಿ ಅದೇ ಸ್ವರಕ್ಕೆ ದನಿಗೂಡಿಸಿ ಹಿಗ್ಗಿಸುತ್ತದೆ. ಹೊರಗಡೆ ಒಂದು ಪುಟ್ಟ ಸುತ್ತಿಗೆ. ಮಣಿಕಟ್ಟನ್ನು ಮುಂದಕ್ಕೆ ಚಿಮ್ಮಿದಾಗ ಅದು ಹೋಗಿ ಕವಲಿಗೆ ಬಡಿದು, ತಾನಾಗಿ ಹಿಂದಕ್ಕೆ ಬರಬೇಕು. ಕಂಚಿನ ಹ್ಯಾಂಡ್‌ಬೆಲ್ಲಿನಲ್ಲಿ ಮೂಲ ಸ್ವರದ ಜೊತೆಗೆ ಒಂದು ಆಕ್ಟೇವಿನಾಚೆಯ ಪಂಚಮವೂ ಸ್ಪಷ್ಟವಾಗಿ ಕೇಳುತ್ತದೆ, ಅದಕ್ಕೇ ಅದರ ದನಿಗೆ ಒಂದು ಖಾರ. ಚೈಮಿನ ದನಿ ಹೆಚ್ಚುಕಡಿಮೆ ಒಂದೇ ಸ್ವರದ್ದು, ಮೆತ್ತಗೆ, ಉದ್ದಕ್ಕೆ ನಿಲ್ಲುವಂಥದ್ದು. ನನಗೆ ನಿಧಾನದ ಹಾಡಿನಲ್ಲಿ ಬೆಲ್ಲಿಗಿಂತ ಚೈಮೇ ಇಷ್ಟ. ಓಟದ ಹಾಡಿನಲ್ಲಿ ಮಾತ್ರ ಸ್ವರಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಮಕ್ಕಳಿಗೆ ಬಾರಿಸುವುದನ್ನು ಕಲಿಸಿದಷ್ಟೇ, ಭುಜಕ್ಕೆ ಒತ್ತಿ ನಿಲ್ಲಿಸುವುದನ್ನೂ ಕಲಿಸು.

ಅಲ್ಯೂಮಿನಿಯಂ ಕೊಳವೆ ಸುಮ್ಮನೆ ಕೆಡುವುದಿಲ್ಲ. ಕೆಡುವುದು ಸುತ್ತಿಗೆ. ತಲೆ ಸವೆದು ಗಟ್ಟಿಯಾದರೆ ಸ್ವರಕ್ಕೆ ಮುಂಚೆ ಟಿಕ್ ಅನ್ನುವ ಸದ್ದು ಬರುತ್ತದೆ. ಹಿಂದಕ್ಕೆ ಎಳೆಯುವ ಏರ್ಪಾಡು ಸಡಿಲವಾದರೆ ಒಂದು ಸಲ ಚಿಮ್ಮಿದ್ದಕ್ಕೆ ಎರಡು ಪೆಟ್ಟು. ಸ್ಕ್ರೂ ಸಡಿಲವಾದರೆ ಗಲಗಲ. ಆದ್ದರಿಂದ ಸೆಟ್ ನಂಬಿಕೆಯದೋ ಅಲ್ಲವೋ ಅನ್ನುವುದಕ್ಕೆ ನನ್ನ ಒರೆಗಲ್ಲು ಒಂದೇ: ಇನ್ನು ಹತ್ತು ವರ್ಷ ಆದ ಮೇಲೆ ಈ ಸುತ್ತಿಗೆಯ ತಲೆ ಬಿಡಿಯಾಗಿ ಸಿಗುತ್ತದೆಯೇ? ಒಂದು ಚೈಮ್ ಕಳೆದರೆ ಅದೊಂದನ್ನೇ ಮಾಡಿಕೊಡುತ್ತಾರೆಯೇ? ಮಾರುವವನನ್ನು ಬೆಲೆ ಕೇಳುವ ಮುನ್ನ ಇದನ್ನು ಕೇಳು. ತಡವರಿಸಿದರೆ ನಮಸ್ಕಾರ ಹೇಳಿ ಎದ್ದು ಬಾ.

ಈ ಕಾರಣಕ್ಕೇ ಹಳೆಯ ಹೆಸರುಗಳತ್ತ ನನ್ನ ಒಲವು. ಮಾಲ್ಮಾರ್ಕ್‌ನವರ ಕ್ವಾಯರ್‌ಚೈಮ್, ಶುಲ್ಮೆರಿಕ್‌ನವರ ಮೆಲೊಡಿಚೈಮ್, ಜಪಾನಿನ ಸುಜುಕಿಯವರ ಟೋನ್‌ಚೈಮ್. ಮೊದಲೆರಡೂ ನಮ್ಮ ಪೆನ್ಸಿಲ್ವೇನಿಯಾದವೇ. ಮಾಲ್ಮಾರ್ಕ್ ಕಟ್ಟಿದ ಜೇಕಬ್ ಮಾಲ್ಟಾ ಅದಕ್ಕೂ ಮುಂಚೆ ಶುಲ್ಮೆರಿಕ್‌ನಲ್ಲೇ ಕೆಲಸ ಮಾಡಿದ್ದವರು. ಹೀಗಾಗಿ ಇಲ್ಲಿಯ ಬೆಲ್ ಗುಂಪುಗಳಲ್ಲಿ ಯಾವ ಮನೆಯದು ಚೆನ್ನ ಅಂತ ದಾಯಾದಿ ಜಗಳ ಇದ್ದೇ ಇದೆ. ಅದಕ್ಕೆ ಕಿವಿ ಕೊಡಬೇಡ, ಮೂರರಲ್ಲಿ ಯಾವುದನ್ನು ತಂದರೂ ಮಕ್ಕಳು ನುಡಿಸುತ್ತಾರೆ. ಎರಡು ಕಂಪನಿಯವನ್ನು ಬೆರೆಸುವಾಗ ಮಾತ್ರ ಎಚ್ಚರ. ಎ ಸ್ವರ 440 ಹರ್ಟ್ಸ್‌ಗೆ ಕೂರಿಸಿದ್ದೋ 442ಕ್ಕೋ ಕೇಳಿಕೋ. ಶ್ರುತಿ ಕೂಡಿದರೂ ದನಿಯ ಬಣ್ಣ ಕೂಡಬೇಕಲ್ಲ. ಮಧ್ಯದ ನಾಲ್ಕು ಸ್ವರ ಬೇರೆ ಮನೆಯವಾದರೆ ರಾಗದ ನಡುವೆ ಯಾರೋ ಹೊಸಬರು ಬಂದು ಮಾತಾಡಿದ ಹಾಗೆ ಕೇಳಿಸುತ್ತದೆ.

ಹಳೆಯ ಸೆಟ್ ಅಗ್ಗಕ್ಕೆ ಸಿಕ್ಕಿದರೆ ಬೇಡವೆನ್ನಬೇಡ. ಮುಚ್ಚಿದ ಚರ್ಚುಗಳಿಂದ, ಸಂಗೀತದ ಟೀಚರ್ ನಿವೃತ್ತರಾದ ಶಾಲೆಗಳಿಂದ ಒಳ್ಳೆಯವೇ ಬರುತ್ತವೆ. ಆದರೆ ಫೋಟೋ ನೋಡಿ ದುಡ್ಡು ಕಳಿಸಬಾರದು, ಹೋಗಿ ಬಾರಿಸಬೇಕು. ಫೋನಿನಲ್ಲಿ ಟ್ಯೂನರ್ ತೆರೆದಿಟ್ಟುಕೊಂಡು ಕೆಳಗಿನಿಂದ ಮೇಲಕ್ಕೆ ಒಂದೊಂದನ್ನೇ ಬಾರಿಸು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಮೆಲ್ಲಗೆ ಬಾರಿಸಿದಾಗ ಸುತ್ತಿಗೆ ಮುಟ್ಟದೆ ಹೋದರೆ ಗುರುತು ಹಾಕಿಕೋ, ಜೋರಿಗೆ ಎರಡು ಪೆಟ್ಟು ಬಿದ್ದರೂ ಹಾಕಿಕೋ. ಇವೆರಡೂ ರಿಪೇರಿ ಆಗುವಂಥವು. ಕೆಳಗೆ ಬಿದ್ದು ಕವಲು ಬಾಗಿದ್ದರೆ, ಶ್ರುತಿ ಜಾರಿದ್ದರೆ, ಅದು ಕಂಪನಿಗೇ ಹೋಗಬೇಕಾದ ಕೆಲಸ, ಆ ಖರ್ಚನ್ನು ಬೆಲೆಯಲ್ಲಿ ಮುರಿದುಕೋ. ತೀರಾ ಮೇಲಿನ ಸ್ವರಗಳು ಸಣ್ಣಗೆ ಕೇಳಿಸಿ ಬೇಗ ಆರುವುದು ದೋಷವಲ್ಲ, ಚೈಮಿನ ಸ್ವಭಾವವೇ ಅದು. ಕೊನೆಗೆ ಪೆಟ್ಟಿಗೆಯ ಗೂಡುಗಳನ್ನೆಲ್ಲ ಎಣಿಸು. ಎಫ್ ಶಾರ್ಪ್ ಒಂದು ಇಲ್ಲದ ಸೆಟ್ ಅನ್ನು ಪೂರ್ತಿ ಬೆಲೆಗೆ ಮಾರಲು ಬಂದವರನ್ನು ನಾನೇ ನೋಡಿದ್ದೇನೆ.

ಇನ್ನೊಂದು ಉಪಾಯವೂ ಇದೆ, ಹೆಚ್ಚು ಜನಕ್ಕೆ ಹೊಳೆಯುವುದಿಲ್ಲ: ಮೊದಲು ಎರವಲು ತಾ. ಬಾಸ್ಟನ್ನಿನ ಮಾರ್ಗರೆಟ್ ಶರ್ಕ್ಲಿಫ್ 1954ರಲ್ಲಿ ಕಟ್ಟಿದ ಬೆಲ್ ಬಾರಿಸುವವರ ಸಂಘ, ಈಗ ಹ್ಯಾಂಡ್‌ಬೆಲ್ ಮ್ಯೂಸಿಷಿಯನ್ಸ್ ಆಫ್ ಅಮೆರಿಕ, ಶಾಲೆಗಳಿಗೆ ಚೈಮ್ ಎರವಲು ಕೊಡುವ ಯೋಜನೆ ನಡೆಸಿಕೊಂಡು ಬಂದಿದೆ. ನಿಮ್ಮ ಕಡೆ ಈಗ ಸರದಿ ಹೇಗಿದೆ ವಿಚಾರಿಸು. ಒಂದು ಅವಧಿ ನುಡಿಸಿ ನೋಡಿದರೆ ಹನ್ನೊಂದು ಮಕ್ಕಳು ಉಳಿಯುತ್ತಾರೋ ಆರೇ ಉಳಿಯುತ್ತಾರೋ ನಿನಗೇ ಗೊತ್ತಾಗುತ್ತದೆ.

ಆರೇ ಉಳಿದರೂ ಬೇಸರಪಡಬೇಡ. ಸಿ, ಡಿ, ಇ, ಜಿ, ಎ ಈ ಐದನ್ನು ಮಾತ್ರ ಹೊರಗೆ ತೆಗೆದು ಹಂಚು. ನಿನ್ನ ಅಜ್ಜಿ ಕಲಿಸಿದ ಮೋಹನ ರಾಗದ ಸ್ವರಗಳೇ ಅಲ್ಲವೇ ಇವು? ಯಾವ ಎರಡನ್ನು ಒಟ್ಟಿಗೆ ಬಾರಿಸಿದರೂ ಕಿವಿಗೆ ಚುಚ್ಚುವುದಿಲ್ಲ, ಹೊಸ ಮಕ್ಕಳಿಗೆ ಧೈರ್ಯ ಬರುತ್ತದೆ. ಗಮಕ ಮಾತ್ರ ಇದರಲ್ಲಿ ಕೇಳಬೇಡ, ಅಲ್ಯೂಮಿನಿಯಂ ಬಗ್ಗುವುದಿಲ್ಲ. ಅಂದಹಾಗೆ, ಸಿ5 ಅಂತ ಕೆತ್ತಿದ ಚೈಮಿನ ಸ್ವರವನ್ನು ಬೆಲ್ ಸಂಗೀತದ ಹಾಳೆಯಲ್ಲಿ ಮಿಡ್ಲ್ ಸಿ ಜಾಗದಲ್ಲಿ ಬರೆದಿರುತ್ತಾರೆ. ಪಿಯಾನೋ ಕಲಿತ ಮಕ್ಕಳು ಇಲ್ಲಿ ಮೊದಲ ದಿನವೇ ಗೊಂದಲಪಡುತ್ತಾರೆ, ಮುಂಚೆಯೇ ಹೇಳಿಬಿಡು. ಹಾಳೆ ಕೊಳ್ಳುವಾಗಲೂ ಎಷ್ಟು ಆಕ್ಟೇವಿಗೆ ಬರೆದದ್ದು ಅಂತ ಮುಖಪುಟದಲ್ಲಿ ನೋಡಿಕೋ.

ದುಡ್ಡು ಮಿಕ್ಕಿದರೆ ಕೈಗವಸಿಗೆ ಸುರಿಯಬೇಡ. ಕಂಚಿನ ಬೆಲ್ಲಿಗೆ ಕೈ ಬೆವರು ತಾಗಿದರೆ ಕಪ್ಪು ಹಿಡಿಯುತ್ತದೆ, ಚೈಮಿಗೆ ಮೆತ್ತನೆ ಬಟ್ಟೆ ಸಾಕು. ಹಿತ್ತಾಳೆ ಉಜ್ಜುವ ಪಾಲಿಷ್ ಅಂತೂ ಹತ್ತಿರ ಸುಳಿಯಕೂಡದು. ಆ ದುಡ್ಡಿನಲ್ಲಿ ಮೇಜಿನ ಮೇಲೆ ಹಾಸಲು ಒಳ್ಳೆಯ ಫೋಮ್ ತಗೋ, ನಾಲ್ಕಾರು ಬಿಡಿ ಸುತ್ತಿಗೆ ತಲೆಗಳನ್ನು ಈಗಲೇ ತರಿಸಿ ಪೆಟ್ಟಿಗೆಯಲ್ಲಿಡು. ಬೆಲ್ ಗುಂಪಿನವರು ಬೆಲ್ಲನ್ನು ಮೇಜಿಗೆ ಬಡಿದು ನುಡಿಸುವುದನ್ನು ವಿಡಿಯೋದಲ್ಲಿ ನೋಡಿ ಹುಡುಗರು ಚೈಮಿನಲ್ಲೂ ಮಾಡಹೊರಡುತ್ತಾರೆ. ಅದಕ್ಕೆ ಮೊದಲ ದಿನವೇ ಬೇಲಿ ಹಾಕು.

ಸೆಟ್ ಬಂದ ವಾರ ಪೆಟ್ಟಿಗೆಯನ್ನು ಇಲ್ಲಿಗೆ ತಂದರೆ ಇಬ್ಬರೂ ಕೂತು ಒಂದೊಂದನ್ನೇ ಬಾರಿಸಿ ನೋಡೋಣ. ಕಾರಿನಿಂದ ಒಳಗೆ ಹೊರುವುದು ಮಾತ್ರ ನಿನ್ನ ಪಾಲು.