ಸರ್ಕಾರಿ ಮನೆ ಮಂಜೂರಾಗಿದೆ, ಬೀಗದಕೈ ಬಂದಿಲ್ಲ: ಕಾಯುವಾಗ ಏನೇನು ಮಾಡಬೇಕು?

ಹಂಚಿಕೆ ಪತ್ರ ಬಂದು ವರ್ಷಗಳೇ ಕಳೆದಿವೆ. ಕಟ್ಟಡವೂ ಎದ್ದು ನಿಂತಿದೆ. ಆದರೆ ಬೀಗದಕೈ ಇನ್ನೂ ಸಿಕ್ಕಿಲ್ಲ. ಕೊಳಗೇರಿ ಅಭಿವೃದ್ಧಿ ಮಂಡಳಿಯ ಮನೆಗೋ ರಾಜೀವ್ ಗಾಂಧಿ ವಸತಿ ನಿಗಮದ ಬಹುಮಹಡಿ ಫ್ಲ್ಯಾಟಿಗೋ ಕಾದು ಕುಳಿತ ಎಷ್ಟೋ ಕುಟುಂಬಗಳ ಪರಿಸ್ಥಿತಿ ಇದೇ. ಒಂದು ಕಡೆ ಬಾಡಿಗೆ, ಇನ್ನೊಂದು ಕಡೆ ಫಲಾನುಭವಿ ವಂತಿಗೆ ಕಟ್ಟಲು ಮಾಡಿದ ಸಾಲ. ಕಾಯುವುದನ್ನು ಪೂರ್ತಿ ತಪ್ಪಿಸಲು ಆಗದೇ ಇರಬಹುದು. ಆದರೆ ಕಾಯುವಾಗ ದುಡ್ಡು ಮತ್ತು ಹಕ್ಕು ಕಳೆದುಕೊಳ್ಳುವುದನ್ನು ಖಂಡಿತ ತಪ್ಪಿಸಬಹುದು.

ಮೊದಲು, ಕೆಲಸ ನಿಂತಿರುವುದು ಎಲ್ಲಿ ಎಂದು ತಿಳಿಯಿರಿ

‘ಯಾವಾಗ ಕೊಡ್ತೀರಿ ಸಾರ್?’ ಎಂದು ಕೇಳಿದರೆ ‘ಇನ್ನೆರಡು ತಿಂಗಳು’ ಎಂಬ ಉತ್ತರ ಬರುತ್ತದೆ. ಅದರ ಬದಲು ‘ಯಾವ ಕೆಲಸ ಬಾಕಿ ಇದೆ, ಅದು ಯಾರ ಟೇಬಲ್ ಮೇಲಿದೆ?’ ಎಂದು ಕೇಳಿ. ತಡಕ್ಕೆ ಸಾಮಾನ್ಯವಾಗಿ ಮೂರ್ನಾಲ್ಕು ಕಾರಣ ಇರುತ್ತವೆ.

ಎಲ್ಲಕ್ಕಿಂತ ದೊಡ್ಡದು ಹಣ. ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ಭಾಗದಲ್ಲಿ ಕೇಂದ್ರ ಕೊಡುವುದು ಮನೆಗೆ 1.5 ಲಕ್ಷ ರೂಪಾಯಿ. ಅದಕ್ಕೆ ರಾಜ್ಯದ ಪಾಲು ಸೇರಿದರೂ ಮನೆಯ ವೆಚ್ಚ ತುಂಬುವುದಿಲ್ಲ. ಉಳಿದದ್ದು ಫಲಾನುಭವಿಯ ತಲೆಯ ಮೇಲೆ ಬರುತ್ತದೆ. ದಿನಗೂಲಿ ಮಾಡುವವರಿಗೆ ಅಷ್ಟು ಹಣ ಎಲ್ಲಿಂದ ಬರಬೇಕು? ಬ್ಯಾಂಕಿನವರು ಸಾಲ ಕೊಡಲಿಲ್ಲ, ವಂತಿಗೆ ಬರಲಿಲ್ಲ, ಗುತ್ತಿಗೆದಾರರ ಬಿಲ್ ನಿಂತಿತು, ಕಟ್ಟಡವೂ ನಿಂತಿತು. ಬಡವರ ಮನೆಗಳು ರಾಜ್ಯದಲ್ಲಿ ವರ್ಷಗಟ್ಟಲೆ ಅರ್ಧಕ್ಕೇ ನಿಲ್ಲಲು ಮುಖ್ಯ ಕಾರಣ ಇದೇ. 2024ರ ಮಾರ್ಚ್‌ನಲ್ಲಿ 36 ಸಾವಿರಕ್ಕೂ ಹೆಚ್ಚು ಮನೆ ಹಂಚಿದಾಗ, ಫಲಾನುಭವಿ 1 ಲಕ್ಷ ಕಟ್ಟಿದರೆ ಸಾಕು, ಮಿಕ್ಕ ವಂತಿಗೆ ಸರ್ಕಾರದ್ದು ಎಂಬ ನಿರ್ಧಾರ ಜಾರಿಗೆ ಬಂತು. ನಿಮ್ಮ ಬಡಾವಣೆಗೆ ಅದು ಅನ್ವಯಿಸುತ್ತದೆಯೇ, ನೀವು ಈಗಾಗಲೇ ಹೆಚ್ಚು ಕಟ್ಟಿದ್ದರೆ ಆ ಹಣ ಏನಾಗುತ್ತದೆ ಎಂಬುದನ್ನು ಬರವಣಿಗೆಯಲ್ಲೇ ಕೇಳಿ.

ಎರಡನೆಯದು ಜಾಗದ ತಕರಾರು, ಕೋರ್ಟಿನ ತಡೆಯಾಜ್ಞೆ. ಮೂರನೆಯದು ಹೊರಗಿನವರಿಗೆ ಕಾಣದ ತೊಡಕು. ಗೋಡೆಗೆ ಬಣ್ಣ ಬಳಿದಾಗಿದೆ, ಆದರೆ ಬೆಸ್ಕಾಂ ಮೀಟರ್ ಇಲ್ಲ, ಜಲಮಂಡಳಿಯ ಸಂಪರ್ಕ ಇಲ್ಲ, ಒಳಚರಂಡಿ ಮುಖ್ಯ ಕೊಳವೆಗೆ ಸೇರಿಲ್ಲ. ‘ಮನೆ ರೆಡಿ’ ಎಂಬ ಮಾತನ್ನು ನಂಬಿ ಯಾರೂ ಮೋಸ ಹೋಗಬಾರದು. ನಲ್ಲಿಯಲ್ಲಿ ನೀರು ಬರುವ ತನಕ ಆ ಮನೆ ವಾಸಕ್ಕೆ ಸಿದ್ಧವಾಗಿಲ್ಲ.

ಕಾಗದಪತ್ರ ಒಂದೇ ಚೀಲದಲ್ಲಿರಲಿ

ಮನೆ ಕೊಡುವ ದಿನ ಬಂದಾಗ ದಾಖಲೆ ಸರಿಯಿಲ್ಲವೆಂದು ಹೆಸರು ಪಕ್ಕಕ್ಕಿಡುವುದುಂಟು. ಹಂಚಿಕೆ ಪತ್ರ, ವಂತಿಗೆ ಕಟ್ಟಿದ ರಸೀದಿ ಅಥವಾ ಡಿಡಿಯ ಜೆರಾಕ್ಸ್, ಮಂಡಳಿ ಕೊಟ್ಟ ಗುರುತಿನ ಚೀಟಿ, ರೇಷನ್ ಕಾರ್ಡ್, ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ ಎಲ್ಲವನ್ನೂ ಪ್ಲಾಸ್ಟಿಕ್ ಕವರ್‌ನಲ್ಲಿ ಒಟ್ಟಿಗೆ ಇಡಿ. ಮೊಬೈಲ್‌ನಲ್ಲಿ ಫೋಟೊ ತೆಗೆದು ಮಕ್ಕಳ ಫೋನಿಗೂ ಕಳಿಸಿಡಿ. ಆದಾಯ ಪ್ರಮಾಣಪತ್ರದ ಅವಧಿ ಮುಗಿಯುವ ಮೊದಲೇ ನಾಡಕಚೇರಿಯಲ್ಲಿ ಹೊಸದಕ್ಕೆ ಅರ್ಜಿ ಹಾಕಿ. ಆಧಾರ್‌ನಲ್ಲಿ ‘ಲಕ್ಷ್ಮಮ್ಮ’ ಎಂದಿದ್ದು ಹಂಚಿಕೆ ಪತ್ರದಲ್ಲಿ ‘ಲಕ್ಷ್ಮೀದೇವಿ’ ಎಂದಿದ್ದರೆ ಇವತ್ತೇ ತಿದ್ದಿಸಿ. ಅರ್ಜಿಯಲ್ಲಿ ಕೊಟ್ಟ ಮೊಬೈಲ್ ನಂಬರ್ ಬದಲಾಗಿದ್ದರೆ ಕಚೇರಿಗೆ ಲಿಖಿತವಾಗಿ ತಿಳಿಸಿ.

ಹಂಚಿಕೆ ಆದವರು ತೀರಿಕೊಂಡಿದ್ದರೆ ಸುಮ್ಮನೆ ಕೂರಬೇಡಿ. ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷದ ಜೊತೆ ವಾರಸುದಾರರ ಹೆಸರಿಗೆ ಬದಲಾಯಿಸುವಂತೆ ಕೂಡಲೇ ಅರ್ಜಿ ಕೊಡಿ.

ಕಾಗದದ ಬೆಲೆ ಏನೆಂದು ತಿಳಿಯಲು ಬೆಂಗಳೂರಿನ ಈಜಿಪುರವನ್ನು ನೆನೆದರೆ ಸಾಕು. 2013ರ ಜನವರಿಯಲ್ಲಿ ಅಲ್ಲಿನ ಬಡವರ ವಸತಿಗೃಹಗಳ ಜಾಗದಿಂದ ಕುಟುಂಬಗಳನ್ನು ಎತ್ತಂಗಡಿ ಮಾಡಿದಾಗ, ಮೂಲ ಹಂಚಿಕೆದಾರರು ಯಾರು, ಬಾಡಿಗೆಗೆ ಬಂದವರು ಯಾರು ಎಂಬ ಪ್ರಶ್ನೆಯೇ ಮುಂದೆ ಬಂತು. ಎಷ್ಟು ವರ್ಷದಿಂದ ಇದ್ದೇವೆ ಎಂಬುದನ್ನು ಬಾಯಿಮಾತಿನಲ್ಲಿ ಹೇಳಿದರೆ ಸಾಲುವುದಿಲ್ಲ. ಹಳೆಯ ಗುಡಿಸಲು ಕೆಡವಿ ಅಲ್ಲೇ ಕಟ್ಟಿಕೊಡುವ ಯೋಜನೆಯಾದರೆ, ಶೆಡ್‌ಗೆ ಹೋಗುವ ಮುಂಚೆ ಮನೆಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳಿ. ಹಳೆಯ ಕರೆಂಟ್ ಬಿಲ್ಲನ್ನು ಎಸೆಯಬೇಡಿ.

ಬಾಯಲ್ಲಿ ಕೇಳಿದ್ದನ್ನು ಕಾಗದದಲ್ಲಿ ಕೇಳಿ

ವಿಚಾರಣೆಯ ಅರ್ಜಿಯನ್ನು ಎರಡು ಪ್ರತಿ ಮಾಡಿ. ಒಂದನ್ನು ಟಪಾಲಿಗೆ ಕೊಟ್ಟು ಇನ್ನೊಂದರ ಮೇಲೆ ಸೀಲು, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ 1902ಕ್ಕೂ ದೂರು ಕೊಡಬಹುದು. ಅವರು ಕೊಡುವ ದೂರಿನ ಸಂಖ್ಯೆ ಬರೆದಿಡಿ.

ಇಷ್ಟಕ್ಕೂ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ನನ್ನ ಪ್ರಕಾರ ಬಡವರ ಕೈಯಲ್ಲಿರುವ ಅತ್ಯಂತ ಗಟ್ಟಿ ಸಾಧನ ಇದೇ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನ ಜೆರಾಕ್ಸ್ ಇಟ್ಟರೆ ಅದೂ ಬೇಡ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ ಬಗ್ಗೆ ಇರಬೇಕು, 150 ಪದ ಮೀರಬಾರದು. ಹಾಗಾಗಿ ಕಷ್ಟಸುಖವನ್ನೆಲ್ಲ ಅದರಲ್ಲಿ ತೋಡಿಕೊಳ್ಳಬೇಡಿ. ‘ಏಕೆ ತಡವಾಯಿತು’ ಎಂದೂ ಕೇಳಬೇಡಿ, ಅಂಥ ಪ್ರಶ್ನೆಯನ್ನು ತಳ್ಳಿಹಾಕುವುದು ಸುಲಭ. ದಾಖಲೆ ಕೇಳಿ. ಹೀಗೆ ಬರೆಯಬಹುದು:

‘ಇಂಥ ಸರ್ವೆ ನಂಬರಿನ ವಸತಿ ಸಮುಚ್ಚಯದ ಗುತ್ತಿಗೆ ಕರಾರು ಪತ್ರದ ನಕಲು, ಕಾಮಗಾರಿ ಮುಗಿಯಬೇಕಿದ್ದ ದಿನಾಂಕ, ಅವಧಿ ವಿಸ್ತರಣೆ ನೀಡಿದ್ದರೆ ಆ ಆದೇಶದ ನಕಲು, ಇದುವರೆಗೆ ಪಾವತಿಸಿದ ಬಿಲ್ಲುಗಳ ವಿವರ, ವಿದ್ಯುತ್ ಮತ್ತು ನೀರಿನ ಸಂಪರ್ಕಕ್ಕೆ ಅರ್ಜಿ ಸಲ್ಲಿಸಿದ ದಿನಾಂಕ, ಫಲಾನುಭವಿಗಳ ಅನುಮೋದಿತ ಪಟ್ಟಿಯ ನಕಲು ಒದಗಿಸಿ.’

ಉತ್ತರಕ್ಕೆ 30 ದಿನ ಗಡುವು. ಬಾರದಿದ್ದರೆ ಮುಂದಿನ 30 ದಿನದೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲೂ ನ್ಯಾಯ ಸಿಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು. ಅನುಮೋದಿತ ಪಟ್ಟಿ ಕೈಗೆ ಸಿಕ್ಕರೆ ನಿಮ್ಮ ಹೆಸರು ಇದೆಯೋ ಇಲ್ಲವೋ ಎಂಬ ಆತಂಕ ತೀರುತ್ತದೆ. ನಡುವೆ ಯಾರ ಹೆಸರಾದರೂ ನುಸುಳಿದ್ದರೆ ಅದೂ ಗೊತ್ತಾಗುತ್ತದೆ.

ಒಬ್ಬರೇ ಓಡಾಡುವ ಬದಲು ಆ ಸಮುಚ್ಚಯದ ಫಲಾನುಭವಿಗಳೆಲ್ಲ ಸೇರಿ ಹೋಗಿ. ಶಾಸಕರನ್ನೂ ಕಾಣಿ. ಆಶ್ರಯ ಸಮಿತಿಗೆ ಅಧ್ಯಕ್ಷರು ಅವರೇ ಆಗಿರುವುದರಿಂದ ಮನೆಯ ವಿಚಾರ ಅವರ ಹೊಣೆಗೂ ಸೇರಿದ್ದು.

ಹೇಳಿದ ತಾರೀಖನ್ನು ನಂಬಿ ಬಾಡಿಗೆ ಮನೆ ಬಿಡಬೇಡಿ

ಹೆಚ್ಚಿನ ಕುಟುಂಬಗಳು ಪೆಟ್ಟು ತಿನ್ನುವುದು ಇಲ್ಲಿ. ಯುಗಾದಿಗೆ ಕೊಡುತ್ತಾರಂತೆ ಎಂದು ಸುದ್ದಿ ಬರುತ್ತದೆ. ಮನೆ ಮಾಲೀಕರಿಗೆ ಖಾಲಿ ಮಾಡುತ್ತೇವೆಂದು ಹೇಳಿ, ಮಗುವಿನ ಟಿಸಿ ತೆಗೆಸಿ, ಅಡ್ವಾನ್ಸ್ ವಾಪಸ್ ಪಡೆದು ಅದನ್ನು ಇನ್ನೊಂದಕ್ಕೆ ಖರ್ಚು ಮಾಡಿಬಿಡುತ್ತಾರೆ. ಯುಗಾದಿ ಹೋಗಿ ದಸರಾ ಬಂದರೂ ಮನೆ ಸಿಗುವುದಿಲ್ಲ. ಬೀಗದಕೈ ಕೈಗೆ ಬಂದು, ನೀರು ಕರೆಂಟು ಎರಡೂ ಬಂದ ಮೇಲೆ ನೋಟಿಸ್ ಕೊಡಿ. ಒಂದು ತಿಂಗಳು ಎರಡೂ ಕಡೆ ಖರ್ಚಾದರೂ ಪರವಾಗಿಲ್ಲ. 11 ತಿಂಗಳ ಕರಾರು ಮುಗಿದಾಗ ಹೊಸದು ಬರೆಸಿ, ಒಂದು ತಿಂಗಳ ನೋಟಿಸಿನಲ್ಲಿ ಖಾಲಿ ಮಾಡಬಹುದು ಎಂಬ ಮಾತು ಸೇರಿಸಿಕೊಳ್ಳಿ. ಅಡ್ವಾನ್ಸ್ ಹಣವನ್ನು ಮೂರು ವರ್ಷದ ಭೋಗ್ಯಕ್ಕೆ ಹಾಕಿ ಸಿಕ್ಕಿಹಾಕಿಕೊಳ್ಳಬೇಡಿ.

ಶಾಲೆಯ ವಿಷಯದಲ್ಲೂ ಅಷ್ಟೇ. ಜೂನ್ ಒಳಗೆ ಸ್ಥಳಾಂತರ ಖಚಿತವಾಗದಿದ್ದರೆ ಮಗು ಆ ವರ್ಷ ಹಳೆಯ ಶಾಲೆಯಲ್ಲೇ ಓದಲಿ.

ವಂತಿಗೆ ಕಟ್ಟಲು ಮೀಟರ್ ಬಡ್ಡಿ ಸಾಲಕ್ಕೆ ಕೈಹಾಕಬೇಡಿ. ಬ್ಯಾಂಕ್ ಸಾಲವಾದರೆ ಕಾಮಗಾರಿ ನಡೆದಂತೆ ಕಂತಿನಲ್ಲಿ ಬಿಡುಗಡೆ ಮಾಡುವಂತೆ ಕೇಳಿ. ಪೂರ್ತಿ ಹಣ ಒಮ್ಮೆಗೇ ಬಿಡುಗಡೆಯಾದರೆ ಮನೆ ಕಾಣುವ ಮೊದಲೇ ಪೂರ್ತಿ ಮೊತ್ತಕ್ಕೆ ಬಡ್ಡಿ ಓಡತೊಡಗುತ್ತದೆ.

ದಲ್ಲಾಳಿಗಳಿಂದ ದೂರವಿರಿ

‘ಇಪ್ಪತ್ತು ಸಾವಿರ ಕೊಡಕ್ಕಾ, ಲಿಸ್ಟ್‌ನಲ್ಲಿ ಮೇಲೆ ಹಾಕಿಸ್ತೀನಿ’ ಎಂದು ಬರುವವರಿಗೆ ಕಾಸೂ ಕೊಡಬೇಡಿ, ಮೂಲ ದಾಖಲೆಯನ್ನೂ ಕೊಡಬೇಡಿ. ಸರ್ಕಾರಿ ನೌಕರರೇ ಲಂಚ ಕೇಳಿದರೆ ಲೋಕಾಯುಕ್ತಕ್ಕೆ ದೂರು ಕೊಡಿ. ಕಾದು ಬೇಸತ್ತು ಹಂಚಿಕೆಯನ್ನು ಮಾರಿಬಿಡುವ ಯೋಚನೆಯೂ ಬೇಡ. ಸರ್ಕಾರಿ ಮನೆಯನ್ನು ಹಾಗೆ ಪರಭಾರೆ ಮಾಡಿದರೆ ಹಂಚಿಕೆಯೇ ರದ್ದಾಗಬಹುದು. ಮುಂದೆ ಇನ್ನೊಂದು ಯೋಜನೆಯಲ್ಲಿ ಮನೆ ಕೇಳುವ ದಾರಿಯೂ ಮುಚ್ಚಬಹುದು.

ಕಾನೂನಿನ ಬಾಗಿಲು

ಹಣ ಕಟ್ಟಿಸಿಕೊಂಡು ಮನೆ ಕೊಡದೆ ಸತಾಯಿಸುವುದು ಸೇವಾ ನ್ಯೂನತೆ. ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1993ರಲ್ಲೇ, ಮನೆ ಕಟ್ಟಿಕೊಡುವ ಸರ್ಕಾರಿ ಸಂಸ್ಥೆಗಳೂ ಗ್ರಾಹಕ ಕಾನೂನಿಗೆ ಒಳಪಡುತ್ತವೆ ಎಂದು ಹೇಳಿದೆ. ಜಿಲ್ಲಾ ಗ್ರಾಹಕ ಆಯೋಗದಲ್ಲಿ, ನೀವು ಕಟ್ಟಿದ ಮೊತ್ತ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕ ಇಲ್ಲ. ಕಾರಣ ಹುಟ್ಟಿದ ಎರಡು ವರ್ಷದೊಳಗೆ ದೂರು ಕೊಡಬೇಕು ಎಂಬುದು ನೆನಪಿರಲಿ. ವಕೀಲರಿಗೆ ದುಡ್ಡಿಲ್ಲವೆಂದು ಹಿಂಜರಿಯಬೇಡಿ. ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಸಹಾಯವಾಣಿ 15100. ಎಷ್ಟು ಕಟ್ಟಿದ್ದೀರಿ, ಸಂಸ್ಥೆ ಏನೆಂದು ಒಪ್ಪಿಕೊಂಡಿತ್ತು ಎಂಬುದರ ಮೇಲೆ ಪ್ರಕರಣ ನಿಲ್ಲುವುದರಿಂದ ಮೊದಲು ಅಲ್ಲಿಯೇ ಸಲಹೆ ಕೇಳಿ.

ಬೀಗದಕೈ ಕೊಟ್ಟ ದಿನ

ಸಹಿ ಮಾಡುವ ಮೊದಲು ಒಳಗೆ ಹೋಗಿ ನೋಡಿ. ಎಲ್ಲ ನಲ್ಲಿ ತಿರುಗಿಸಿ, ಶೌಚಾಲಯಕ್ಕೆ ಎರಡು ಬಕೆಟ್ ನೀರು ಸುರಿದು ಹರಿದುಹೋಗುತ್ತದೆಯೇ ಗಮನಿಸಿ. ಸ್ವಿಚ್‌ಗಳನ್ನು ಹಾಕಿ ನೋಡಿ. ಮೇಲಿನ ಮಹಡಿಯಾದರೆ ಚಾವಣಿಯ ಮೂಲೆಗಳಲ್ಲಿ ತೇವದ ಕಲೆ ಇದೆಯೇ ಹುಡುಕಿ. ಕಿಟಕಿ ಬಾಗಿಲಿನ ಚಿಲಕ ಬೀಳುತ್ತದೆಯೇ ಪರೀಕ್ಷಿಸಿ. ಕೊರತೆ ಇದ್ದರೆ ಫೋಟೊ ತೆಗೆದು, ಸ್ವಾಧೀನ ಪತ್ರದ ಮೇಲೆಯೇ ಬರೆದು ಸಹಿ ಹಾಕಿ. ‘ಆಮೇಲೆ ಮಾಡಿಸ್ಕೊಡ್ತೀವಿ’ ಎಂದರೆ ಯಾವ ತಾರೀಖಿನೊಳಗೆ ಎಂಬುದನ್ನೂ ಅಲ್ಲೇ ಬರೆಸಿಕೊಳ್ಳಿ. ಸಾಮಾನು ಸಾಗಿಸಿ ವಾಸ ಶುರುಮಾಡಿದ ಮೇಲಷ್ಟೇ ರೇಷನ್ ಕಾರ್ಡ್, ಆಧಾರ್, ಗ್ಯಾಸ್, ಮತದಾರರ ಚೀಟಿಯ ವಿಳಾಸ ಬದಲಿಸಿ. ರೇಷನ್ ಕಾರ್ಡಿನಿಂದ ಶುರು ಮಾಡಿದರೆ ಹೊಸ ಬಡಾವಣೆಯ ನ್ಯಾಯಬೆಲೆ ಅಂಗಡಿಯಲ್ಲಿ ಮರುತಿಂಗಳಿನ ಅಕ್ಕಿ ತಪ್ಪುವುದಿಲ್ಲ.