ಕೂಲರ್ ಬದಲಿಸಿದ ಮಾತ್ರಕ್ಕೆ ವಾರಂಟಿ ಹೋಗದು

ಡೆಸ್ಕ್‌ಟಾಪ್ ಕಂಪ್ಯೂಟರನ್ನು ತಾವೇ ಜೋಡಿಸಿಕೊಳ್ಳುವವರು ಪ್ರೊಸೆಸರ್‌ಗೆ ಬೇರೆ ಕೂಲರ್ ಹಾಕುವ ಮುನ್ನ ಬಿಸಿ ಎಷ್ಟು ಇಳಿದೀತು, ಸದ್ದು ಎಷ್ಟು ತಗ್ಗೀತು ಎಂದು ಲೆಕ್ಕ ಹಾಕುತ್ತಾರೆ. ಆಮೇಲೆ ಒಂದು ಅಂಜಿಕೆ ಬಂದು ಕೈ ತಡೆಯುತ್ತದೆ: ವಾರಂಟಿ ಹೋದರೆ? ಈ ಅಂಜಿಕೆ ಸುಮ್ಮನೆ ಹುಟ್ಟಿದ್ದಲ್ಲ. ಎಎಮ್‌ಡಿ ತನ್ನ ಬಾಕ್ಸ್ ಪ್ರೊಸೆಸರ್‌ಗಳಿಗೆ ಕೊಡುತ್ತ ಬಂದ 3 ವರ್ಷದ ವಾರಂಟಿ ಪತ್ರದಲ್ಲಿ, ಜೊತೆಗೆ ಬಂದ ಹೀಟ್‌ಸಿಂಕ್ ಮತ್ತು ಫ್ಯಾನ್ ಬಿಟ್ಟು ಬೇರೆಯದನ್ನು ಬಳಸಿದರೆ ವಾರಂಟಿ ಅನೂರ್ಜಿತ ಎಂಬ ಷರತ್ತಿತ್ತು. ಎಎಮ್‌ಡಿ, ಅದರ ಪ್ರತಿಸ್ಪರ್ಧಿ ಇಂಟೆಲ್ ಎರಡರ ಮುಖ್ಯ ಕಚೇರಿಗಳೂ ಕ್ಯಾಲಿಫೋರ್ನಿಯದ ಸಾಂತಾ ಕ್ಲಾರಾದಲ್ಲಿವೆ. ಅದೇ ಊರಿನಲ್ಲಿ, ಪಕ್ಕದ ಸನಿವೇಲ್, ಕೂಪರ್ಟಿನೊ, ಫ್ರೀಮಾಂಟ್‌ಗಳಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಚಿಪ್ ವಿನ್ಯಾಸ ಬಲ್ಲವರು ಬೇಕಾದಷ್ಟು ಮಂದಿ. ಆದರೆ ಆ ಷರತ್ತಿಗೆ ಕಾನೂನಿನ ಬಲ ಎಷ್ಟು ಎಂದು ಕೇಳುವವರು ಕಡಿಮೆ. ನನ್ನ ವಾದ ಇಷ್ಟೇ: ಕೂಲರ್ ಎಷ್ಟು ಶಾಖ ಹೊರಹಾಕಬೇಕು ಎಂದು ಕಂಪನಿ ಹೇಳಬಹುದು, ಅದು ಯಾರ ಕೂಲರ್ ಆಗಿರಬೇಕು ಎಂದು ಹೇಳುವಂತಿಲ್ಲ.

ಇದಕ್ಕೆ ಆಧಾರ ಅಮೆರಿಕದ 1975ರ ಮ್ಯಾಗ್ನುಸನ್-ಮಾಸ್ ವಾರಂಟಿ ಕಾಯ್ದೆ. ಇಂಥದೇ ಬ್ರ್ಯಾಂಡಿನ ವಸ್ತು ಅಥವಾ ಸೇವೆ ಬಳಸಿದರೆ ಮಾತ್ರ ವಾರಂಟಿ ಎಂಬ ಷರತ್ತನ್ನು ಈ ಫೆಡರಲ್ ಕಾಯ್ದೆ ನಿಷೇಧಿಸುತ್ತದೆ. ಬೇರೆ ಬ್ರ್ಯಾಂಡಿನೊಂದಿಗೆ ತನ್ನ ವಸ್ತು ಸರಿಯಾಗಿ ಕೆಲಸ ಮಾಡುವುದೇ ಇಲ್ಲ ಎಂದು ಕಂಪನಿ ಫೆಡರಲ್ ಟ್ರೇಡ್ ಕಮಿಷನ್ನಿಗೆ ಮನವರಿಕೆ ಮಾಡಿಕೊಟ್ಟು, ಮೊದಲೇ ವಿನಾಯಿತಿ ಪಡೆದಿದ್ದರೆ ಮಾತು ಬೇರೆ. ಕಮಿಷನ್ನಿನ ವಿವರಣಾ ನಿಯಮ ಇನ್ನೂ ಸ್ಪಷ್ಟ: ದೋಷಕ್ಕೂ ನೀವು ಹಾಕಿದ ಹೊರಗಿನ ವಸ್ತುವಿಗೂ ಸಂಬಂಧವಿಲ್ಲದಿದ್ದರೆ ಕಂಪನಿ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ. ಹೊರಗಿನ ವಸ್ತುವಿನಿಂದಲೇ ಹಾನಿಯಾಗಿದ್ದರೆ ಆ ಹಾನಿಯನ್ನು ಮಾತ್ರ ಹೊರಗಿಡಬಹುದು. ಇದು ಬರೀ ಕಾಗದದ ಮಾತಲ್ಲ. 2018ರಲ್ಲಿ ಸೋನಿ, ಮೈಕ್ರೋಸಾಫ್ಟ್, ಅಸುಸ್ ಮೊದಲಾದ ಆರು ಕಂಪನಿಗಳಿಗೆ ಕಮಿಷನ್ ಎಚ್ಚರಿಕೆ ಪತ್ರ ಬರೆಯಿತು. 2024ರ ಜುಲೈಯಲ್ಲಿ ಆ ಸರದಿ ಕಂಪ್ಯೂಟರ್ ಬಿಡಿಭಾಗಗಳ ಕಂಪನಿಗಳಾದ ಎಎಸ್‌ರಾಕ್, ಗಿಗಾಬೈಟ್, ಜೋಟ್ಯಾಕ್‌ಗಳಿಗೆ ಬಂತು. ತಕರಾರು ಇದ್ದದ್ದು ತೆಗೆದರೆ ವಾರಂಟಿ ರದ್ದು ಎನ್ನುವ ಸ್ಟಿಕ್ಕರ್‌ಗಳ ಬಗ್ಗೆ.

ಕೂಲರ್ ಬದಲಿಸಿದವನೇ ಪ್ರೊಸೆಸರ್ ಕೆಡಿಸಿದ ಎಂದು ಊಹಿಸುವುದು ಎಷ್ಟು ತಪ್ಪು ಎಂಬುದಕ್ಕೆ 2024ರ ಇಂಟೆಲ್ ಪ್ರಕರಣಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಕ್ರ್ಯಾಶ್ ಆಗತೊಡಗಿದಾಗ ಬಿಸಿಯ ಮೇಲೆ, ಕೂಲರ್ ಮೇಲೆ ಗುಮಾನಿ ಬೀಳುವುದು ಸಹಜವೇ ಆಗಿತ್ತು. ಕೊನೆಗೆ ಇಂಟೆಲ್ ಒಪ್ಪಿಕೊಂಡದ್ದು ಮೈಕ್ರೋಕೋಡ್ ದೋಷದಿಂದ ಪ್ರೊಸೆಸರ್ ತಾನೇ ಅತಿಯಾದ ವೋಲ್ಟೇಜ್ ಕೇಳುತ್ತಿತ್ತು ಎಂದು. ಬಾಕ್ಸ್ ಪ್ರೊಸೆಸರ್‌ಗಳ ವಾರಂಟಿಯನ್ನು 3ರಿಂದ 5 ವರ್ಷಕ್ಕೆ ಏರಿಸಿತು ಕೂಡ. ಇನ್ನೊಂದು ಮಾತು: ಕೋರ್ ಐ9-13900ಕೆ 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ರೈಜೆನ್ 7000 ಸರಣಿಯ ಬಹುಪಾಲು ಚಿಪ್‌ಗಳು 95 ಮುಟ್ಟಿದರೆ ತಾವಾಗಿಯೇ ವೇಗ ತಗ್ಗಿಸಿಕೊಳ್ಳುತ್ತವೆ. ಕೂಲರ್ ಸಾಲದೆ ಹೋದರೆ ಮೊದಲು ಕಾಣುವುದು ನಿಧಾನಗತಿ, ಸಾವಲ್ಲ.

ಬಾಕ್ಸಿನೊಳಗಿನ ಕೂಲರ್ ಉಚಿತ, ಉಚಿತವಾಗಿ ಕೊಟ್ಟದ್ದನ್ನು ಬಳಸಿ ಎನ್ನಲು ಕಾಯ್ದೆಯೇ ಅವಕಾಶ ಕೊಟ್ಟಿದೆ ಎಂದು ಕಂಪನಿ ವಾದಿಸಬಹುದು. ಇದು ತಳ್ಳಿಹಾಕುವ ವಾದವಲ್ಲ. ಆದರೆ ಕಾಯ್ದೆಯ ಆ ವಿನಾಯಿತಿ ವಾರಂಟಿಯ ಷರತ್ತಿನ ಅಡಿಯಲ್ಲಿ ಹಣವಿಲ್ಲದೆ ಕೊಡುವ ವಸ್ತುವಿಗೆ ಮಾತ್ರ. ಬಾಕ್ಸಿನ ಬೆಲೆಯಲ್ಲೇ ಸೇರಿ ಮಾರಾಟವಾದ ಕೂಲರ್‌ಗೆ ಗ್ರಾಹಕ ದುಡ್ಡು ತೆತ್ತಿದ್ದಾನೆ. 2015ರಿಂದ ಇಂಟೆಲಿನ ಕೆ ಸರಣಿಯ ಹೆಚ್ಚಿನ ಬಾಕ್ಸ್‌ಗಳಲ್ಲಿ ಕೂಲರ್ ಇರುವುದೇ ಇಲ್ಲವಾದ್ದರಿಂದ ಅಲ್ಲಿ ಈ ಪ್ರಶ್ನೆಯೂ ಏಳದು. ಎಲ್ಲಕ್ಕೂ ರಕ್ಷಣೆಯಿದೆ ಎಂದು ಮಾತ್ರ ತಿಳಿಯಬೇಡಿ. ಓವರ್‌ಕ್ಲಾಕಿಂಗ್‌ನಿಂದಾದ ಹಾನಿ, ಚಿಪ್ಪಿನ ಲೋಹದ ಮುಚ್ಚಳ ಕಿತ್ತು ಮಾಡಿದ ಹಾನಿ, ಸ್ಕ್ರೂ ಅತಿಯಾಗಿ ಬಿಗಿದು ಬಾಗಿದ ಪಿನ್ನು ಇವೆಲ್ಲ ನಿಮ್ಮ ಕೈಯಿಂದಾದವು. ಅಲ್ಲಿ ಕಾಯ್ದೆ ನೆರವಿಗೆ ಬಾರದು, ಬರಲೂಬಾರದು.

ಹಾಗಾಗಿ ಕೂಲರ್ ಆಯ್ಕೆಯನ್ನೇ ಮುಂದಿನ ಸಾಕ್ಷ್ಯವೆಂದು ನೋಡಬೇಕು. ಕೂಲರ್ ಕಂಪನಿಯ ಪಟ್ಟಿಯಲ್ಲಿ ನಿಮ್ಮ ಸಾಕೆಟ್ ಇದೆಯೇ, ಅದು ಎಎಮ್5ಗೋ ಎಲ್‌ಜಿಎ1700ಗೋ, ಪ್ರೊಸೆಸರಿನ ಶಾಖದ ಅಂಕಿಗೆ ಅದು ಸಾಕೇ ಎಂದು ನೋಡಿ ಆ ಪುಟವನ್ನು ಉಳಿಸಿಕೊಳ್ಳಿ. ನೋಕ್ಟುವಾ ಎನ್‌ಎಚ್-ಡಿ15ರಂಥದು 165 ಮಿಲಿಮೀಟರ್ ಎತ್ತರ. ಕೇಸಿನ ಅಳತೆ ನೋಡದೆ ತಂದು ಒತ್ತಿ ಕೂರಿಸಿದರೆ ತಪ್ಪು ಯಾರದೆಂದು ಕೇಳಬೇಕಿಲ್ಲ. ನೀರಿನ ಕೂಲರ್ ಆದರೆ, ಸೋರಿ ಬೇರೆ ಭಾಗಗಳು ಕೆಟ್ಟರೆ ಅದರ ತಯಾರಕರು ತುಂಬಿಕೊಡುತ್ತಾರೆಯೇ ಎಂದು ಅವರ ವಾರಂಟಿಯಲ್ಲಿ ಓದಿ. 15 ಡಾಲರ್ ಮೀರಿದ ವಸ್ತುವಿನ ಲಿಖಿತ ವಾರಂಟಿಯನ್ನು ಕೊಳ್ಳುವ ಮೊದಲೇ ಓದಲು ಕೇಳುವುದು ನಿಮ್ಮ ಹಕ್ಕು. ಥರ್ಮಲ್ ಪೇಸ್ಟ್ ಹಚ್ಚಿದಾಗ ಒಂದು ಫೋಟೊ, ಮೊದಲ ದಿನ ಪೂರ್ತಿ ಹೊರೆಯಲ್ಲಿ ಓಡಿಸಿದಾಗಿನ ತಾಪಮಾನದ ಒಂದು ಸ್ಕ್ರೀನ್‌ಶಾಟ್, ತಾರೀಖು ಸಹಿತ ಇಟ್ಟುಕೊಳ್ಳಿ. ಹಳೆಯ ಕೂಲರನ್ನು ಎಸೆಯಬೇಡಿ.

ಕ್ಯಾಲಿಫೋರ್ನಿಯದ ಅಂಗಡಿಯಲ್ಲಿ ಮನೆಬಳಕೆಗೆಂದು ಕೊಂಡಿದ್ದರೆ 1970ರ ಸಾಂಗ್-ಬೆವರ್ಲಿ ಕಾಯ್ದೆಯೂ ಜೊತೆಗಿದೆ. ವಾರಂಟಿ ನೋಂದಣಿ ಕಾರ್ಡು ತುಂಬಿ ಕಳಿಸಲಿಲ್ಲ ಎಂಬ ಕಾರಣಕ್ಕೆ ಹಕ್ಕು ಕುಂದದು. ಕಂಪನಿ ನಿರಾಕರಿಸಿದರೆ ಫೋನಿನಲ್ಲಿ ಜಗಳವಾಡಬೇಡಿ. ದೋಷಕ್ಕೆ ನಿಮ್ಮ ಕೂಲರ್ ಹೇಗೆ ಕಾರಣ ಎಂದು ಬರವಣಿಗೆಯಲ್ಲಿ ತಿಳಿಸಲು ಕೇಳಿ. ಫೆಡರಲ್ ಟ್ರೇಡ್ ಕಮಿಷನ್ನಿಗೆ ದೂರು ಕೊಡಬಹುದು, ಆದರೆ ಅದು ಒಬ್ಬೊಬ್ಬರ ವ್ಯಾಜ್ಯ ಬಗೆಹರಿಸುವುದಿಲ್ಲ. ಹಣ ಬೇಕಿದ್ದರೆ ಸ್ಮಾಲ್ ಕ್ಲೇಮ್ಸ್ ನ್ಯಾಯಾಲಯವೇ ದಾರಿ. ವ್ಯಕ್ತಿಯೊಬ್ಬರು ಅಲ್ಲಿ 12,500 ಡಾಲರ್‌ವರೆಗೆ ಕೇಳಬಹುದು. ಹೆಚ್ಚಿನವರಿಗೆ ಶುಲ್ಕ 30ರಿಂದ 75 ಡಾಲರ್. ವಿಚಾರಣೆಯಲ್ಲಿ ಕಂಪನಿಯೂ ವಕೀಲರನ್ನು ನಿಲ್ಲಿಸುವಂತಿಲ್ಲ. ಮೊದಲು ಪರಿಹಾರ ಕೇಳಿ ಪತ್ರ ಬರೆದು, ಆಮೇಲೆ ಎಸ್‌ಸಿ-100 ಅರ್ಜಿ ಸಲ್ಲಿಸಬೇಕು. ನೋಟಿಸು ಜಾರಿ ಮಾಡಬೇಕಾದ ಕಂಪನಿಯ ಅಧಿಕೃತ ಏಜೆಂಟರ ಹೆಸರು ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ದಾಖಲೆಯಲ್ಲಿ ಸಿಗುತ್ತದೆ. ಇಂಗ್ಲಿಷಿನಲ್ಲಿ ವಾದಿಸಲು ಅಳುಕುವವರು ನ್ಯಾಯಾಲಯದಿಂದಲೇ ದುಭಾಷಿಯನ್ನು ಕೋರಬಹುದು; ಕನ್ನಡಕ್ಕೆ ಜನ ಹುಡುಕಲು ಸಮಯ ಹಿಡಿಯಬಹುದಾದ್ದರಿಂದ ಅರ್ಜಿ ಹಾಕುವಾಗಲೇ ಕೇಳಿಬಿಡಿ. ದಾವೆ ಹೂಡಿದವರು ಸೋತರೆ ಅಲ್ಲಿ ಮೇಲ್ಮನವಿಯ ಅವಕಾಶವಿಲ್ಲ. ಹಾಗಾಗಿ ಆ ಫೋಟೊ, ಸ್ಕ್ರೀನ್‌ಶಾಟ್, ಕಂಪನಿಯ ಉತ್ತರ ಎಲ್ಲವನ್ನೂ ಮುದ್ರಿಸಿ ಮೊದಲ ವಿಚಾರಣೆಗೇ ಒಯ್ಯಬೇಕು.