ಇಲಿ ಇಲ್ಲದ ದ್ವೀಪಗಳಿಗೆ ಹಾಯಿದೋಣಿಯಲ್ಲಿ: ಸೇಶೆಲ್ಸ್‌ನ ಹಕ್ಕಿ ನೋಡಲು ಹೊರಟವರಿಗೆ

ಸೇಶೆಲ್ಸ್‌ನ ಕಝಿನ್ ದ್ವೀಪದಲ್ಲಿ ಬಿಳಿ ರೀವ ಗೂಡು ಕಟ್ಟುವುದೇ ಇಲ್ಲ. ಬರಿಯ ಕೊಂಬೆಯ ಸಣ್ಣ ತಗ್ಗಿನಲ್ಲಿ ಒಂದೇ ಒಂದು ಮೊಟ್ಟೆಯಿಟ್ಟು ಕಾವು ಕೊಡುತ್ತದೆ. ಬಿಳಿಬಾಲದ ಟ್ರಾಪಿಕ್ ಹಕ್ಕಿ ಮರದ ಬುಡದಲ್ಲಿ, ನೆಲದ ಮೇಲೆಯೇ ಮರಿ ಮಾಡುತ್ತದೆ. ಈ ನಿರ್ಭಯಕ್ಕೆ ಮುಖ್ಯ ಕಾರಣ ಅಲ್ಲಿ ಇಲಿ, ಬೆಕ್ಕು ಇಲ್ಲದಿರುವುದು. ಜಗತ್ತಿನ ದ್ವೀಪಗಳಿಗೆ ಇಲಿ ಬಂದಿಳಿದದ್ದು ಹಡಗು, ದೋಣಿಗಳಿಂದ. ಹಾಗಾಗಿ ಹಾಯಿದೋಣಿ ಹತ್ತುವವರ ಮೇಲೆ ಉಳಿದ ಪ್ರವಾಸಿಗರಿಗಿಂತ ಹೆಚ್ಚಿನ ಹೊಣೆ ಇದೆ.

ಹಂತ 1: ಗಾಳಿ ನೋಡಿ ತಿಂಗಳು ಆರಿಸಿ

ಹಿಂದೂ ಮಹಾಸಾಗರದ ಈ ದೇಶದಲ್ಲಿ ನೂರಕ್ಕೂ ಹೆಚ್ಚು ದ್ವೀಪಗಳಿವೆ. ಹೊಸಬರಿಗೆ ಸಾಕಾಗುವುದು ಸಮಭಾಜಕದಿಂದ ಸುಮಾರು 4 ಡಿಗ್ರಿ ದಕ್ಷಿಣಕ್ಕಿರುವ ಮಾಹೆ, ಪ್ರಾಸ್ಲಿನ್, ಲಾ ಡೀಗ್ ಸುತ್ತಲಿನ ಗ್ರಾನೈಟ್ ದ್ವೀಪಗಳು. ಮೇಯಿಂದ ಸೆಪ್ಟೆಂಬರ್‌ವರೆಗೆ ಆಗ್ನೇಯದಿಂದ ಬಲವಾದ ಗಾಳಿ ಬೀಸುತ್ತದೆ. ಇದೇ ಗಾಳಿ ಸಮಭಾಜಕ ದಾಟಿ, ತಿರುಗಿ, ನಮ್ಮ ಕರಾವಳಿಗೆ ಮುಂಗಾರಾಗಿ ಬರುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಅಲ್ಲಿ ವಾಯವ್ಯದ ಗಾಳಿ ಮತ್ತು ಮಳೆ.

ತೊಡಕಿರುವುದು ಇಲ್ಲಿ. ಕಡಲ ಹಕ್ಕಿಗಳು ಹೆಚ್ಚಾಗಿ ಮರಿ ಮಾಡುವುದು ಆಗ್ನೇಯ ಗಾಳಿಯ ತಿಂಗಳುಗಳಲ್ಲಿ. ಆದರೆ ಹಕ್ಕಿಗಳ ದೊಡ್ಡ ನೆಲೆಯಾದ ಅರೀಡ್ ದ್ವೀಪದಲ್ಲಿ ಇಳಿಯುವ ದಂಡೆ ದಕ್ಷಿಣಕ್ಕಿದೆ. ಆ ಕಾಲದಲ್ಲಿ ಅಲೆ ಹೊಡೆದು ಎಷ್ಟೋ ದಿನ ಇಳಿಯಲಾಗುವುದಿಲ್ಲ. ಗಾಳಿ ತಗ್ಗುವ ಏಪ್ರಿಲ್ ಮತ್ತು ಅಕ್ಟೋಬರ್ ತಿಂಗಳುಗಳೇ ಮಧ್ಯದ ದಾರಿ. ನಾನು ಅಕ್ಟೋಬರ್ ಎನ್ನುತ್ತೇನೆ. ಕೆಲವು ಜಾತಿಗಳು ಆಗ ಗೂಡು ಬಿಟ್ಟಿರುತ್ತವೆ, ನಿಜ. ಆದರೆ ಬಿಳಿ ರೀವ, ಟ್ರಾಪಿಕ್ ಹಕ್ಕಿಗಳು ವರ್ಷವಿಡೀ ಇರುತ್ತವೆ, ಮೇಲಾಗಿ ಕ್ರಿಯೋಲ್ ಉತ್ಸವ ನಡೆಯುವುದೂ ಅದೇ ತಿಂಗಳು.

ಹಂತ 2: ಊರಲ್ಲೇ ಅಭ್ಯಾಸ ಮಾಡಿ

ಮಳೆಗಾಲ ಕಳೆದ ಮೇಲೆ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಬೋಟಿನಲ್ಲಿ ನಿಂತು ಗರುಡ, ಕಡಲಕಾಗೆಗಳ ಚಿತ್ರ ತೆಗೆಯಿರಿ. ಓಲಾಡುವ ನೆಲದ ಮೇಲೆ ಹಾರುವ ಹಕ್ಕಿಯನ್ನು ಚೌಕಟ್ಟಿನೊಳಗೆ ಹಿಡಿಯುವುದು ಅಲ್ಲೇ ರೂಢಿಯಾಗುತ್ತದೆ. ಮೊದಲ ಸಲ ಹೋಗುವಾಗ ದೋಣಿಯ ಜತೆಗೆ ಸ್ಥಳೀಯ ಸ್ಕಿಪ್ಪರ್‌ನನ್ನೂ ಗೊತ್ತು ಮಾಡಿಕೊಳ್ಳಿ. ಚುಕ್ಕಾಣಿ ಹಿಡಿದವರಿಗೆ ಹಕ್ಕಿ ನೋಡುವ ಪುರುಸೊತ್ತಿರುವುದಿಲ್ಲ. ಎರಡು ಒಡಲುಗಳ ಕ್ಯಾಟಮರಾನ್ ಕಡಿಮೆ ವಾಲುವುದರಿಂದ ಕ್ಯಾಮೆರಾ ಹಿಡಿದವರಿಗೆ ಅದೇ ಅನುಕೂಲ.

ಹಂತ 3: ಸಾಮಾನು ಕಡಿಮೆ ಮಾಡಿ

8x42 ಬೈನಾಕ್ಯುಲರ್ ಸಾಕು. ಹತ್ತುಪಟ್ಟು ದೊಡ್ಡದು ಮಾಡುವುದನ್ನು ಹಿಡಿದರೆ ದೋಣಿಯಲ್ಲಿ ಕೈಯ ನಡುಕವೂ ಹೆಚ್ಚಾಗಿ ಕಾಣುತ್ತದೆ. 100-400 ಜೂಮ್ ಲೆನ್ಸ್ ಒಂದಿದ್ದರೆ ಸಾಕು. ಇಲ್ಲಿ ಹಕ್ಕಿ ಹತ್ತಿರವಿರುವುದರಿಂದ ಭಾರೀ ಲೆನ್ಸ್ ಹೊರುವುದು ವ್ಯರ್ಥ. ನೀರು ಹೋಗದ ಚೀಲ ಬೇಕೇ ಬೇಕು. ಪ್ರತಿ ಸಂಜೆ ಸಿಹಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕ್ಯಾಮೆರಾದ ಉಪ್ಪು ಒರೆಸಿ.

ಹಂತ 4: ಮೊದಲ ಬೆಳಗ್ಗೆ ಮಾರುಕಟ್ಟೆಗೆ

ರಾಜಧಾನಿ ವಿಕ್ಟೋರಿಯಾದ ಮೀನು ಮಾರುಕಟ್ಟೆಯಲ್ಲಿ ಗೋವಕ್ಕಿಗಳು ಮೀನು ಕೊಯ್ಯುವವರ ಕಾಲ ಬಳಿಯೇ ಮೀನಿನ ತುಣುಕಿಗಾಗಿ ಕಾಯುತ್ತವೆ. ಜನ ಮತ್ತು ಹಕ್ಕಿ ಒಂದೇ ಚಿತ್ರದೊಳಗೆ ಬರುವ ಜಾಗ ಇದು. ‘ಬೊಂಜೂರ್’ ಎಂದು ಹೇಳಿ, ಮೀನು ಕೊಂಡು, ಆಮೇಲೆ ಚಿತ್ರ ತೆಗೆಯಬಹುದೇ ಎಂದು ಕೇಳಿ. ಹತ್ತಿರದಲ್ಲೇ ನವಶಕ್ತಿ ವಿನಾಯಗರ್ ದೇವಸ್ಥಾನದ ಗೋಪುರವಿದೆ. 1770ರಲ್ಲಿ ಸೇಶೆಲ್ಸ್‌ನಲ್ಲಿ ಮೊದಲು ನೆಲೆಸಿದ ಪುಟ್ಟ ತಂಡದಲ್ಲೇ ಭಾರತೀಯರೂ ಇದ್ದರು.

ಹಂತ 5: ಕಡಲ ಮೇಲೆ ಬರಿಗಣ್ಣು ಮೊದಲು

ಮಾಹೆಯಿಂದ ಪ್ರಾಸ್ಲಿನ್‌ಗೆ ಸುಮಾರು 45 ಕಿಲೋಮೀಟರ್. ಬೈನಾಕ್ಯುಲರಿಗೆ ಕಣ್ಣು ಅಂಟಿಸಿಕೊಂಡೇ ಇದ್ದರೆ ಹೊಟ್ಟೆ ತೊಳಸುತ್ತದೆ. ದಿಗಂತ ನೋಡುತ್ತಿರಿ, ನೀರಿನ ಮೇಲೆ ಹಕ್ಕಿಗಳ ಗುಂಪು ಕೆಳಗಿಳಿದು ಮೇಲೇಳುತ್ತಿದ್ದರೆ ಅಡಿಯಲ್ಲಿ ಸೂರೆ (ಟ್ಯೂನಾ) ಮೀನಿನ ಹಿಂಡಿದೆ ಎಂದರ್ಥ. ಬೆಸ್ತರೂ ಇದನ್ನೇ ನೋಡಿ ಬಲೆ, ಗಾಳ ಹಾಕುತ್ತಾರೆ. ಆಗ ಬೈನಾಕ್ಯುಲರ್ ಎತ್ತಿ. ಹಾರುವ ಹಕ್ಕಿಗೆ ಶಟರ್ ವೇಗ 1/2000 ಇರಲಿ. ಮೊಣಕೈಯನ್ನು ಕಂಬಿಗೆ ಊರಬೇಡಿ, ಎಂಜಿನ್‌ನ ಅದುರು ಚಿತ್ರಕ್ಕೆ ಬರುತ್ತದೆ; ಮಂಡಿ ಸಡಿಲ ಬಿಟ್ಟು ನಿಲ್ಲಿ.

ಹಂತ 6: ಕಝಿನ್‌ನಲ್ಲಿ ಇಳಿಯುವುದು

ತೆಂಗಿನ ತೋಟವಾಗಿದ್ದ ಈ ದ್ವೀಪವನ್ನು 1968ರಲ್ಲಿ ಅಂತರರಾಷ್ಟ್ರೀಯ ಪಕ್ಷಿ ಸಂರಕ್ಷಣಾ ಮಂಡಳಿ ಕೊಂಡುಕೊಂಡದ್ದು ಒಂದು ಸಣ್ಣ ಕಂದು ಹಕ್ಕಿಗಾಗಿ. ಸೇಶೆಲ್ಸ್ ಉಲಿಯಕ್ಕಿ ಆಗ ಜಗತ್ತಿನಲ್ಲಿ ಮೂವತ್ತಕ್ಕೂ ಕಡಿಮೆ ಉಳಿದಿತ್ತು, ಅಷ್ಟೂ ಇಲ್ಲೇ. ತೆಂಗು ತೆಗೆದು ಪಿಸೋನಿಯಾ ಕಾಡು ಮರಳಿ ಬೆಳೆದ ಮೇಲೆ ಹಕ್ಕಿಯೂ ಹೆಚ್ಚಿತು, ಬೇರೆ ದ್ವೀಪಗಳಿಗೂ ಅದನ್ನು ಒಯ್ದು ಬಿಟ್ಟರು. ಈಗ ಸಾವಿರಗಳಲ್ಲಿ ಎಣಿಸುತ್ತಾರೆ.

ನಿಮ್ಮ ದೋಣಿ, ನಿಮ್ಮ ಡಿಂಗಿ ದಂಡೆ ಮುಟ್ಟುವಂತಿಲ್ಲ. ದೂರದಲ್ಲಿ ನಿಂತು ಕಾಯಬೇಕು, ದ್ವೀಪದ ಕಾವಲುಗಾರರು ತಮ್ಮದೇ ದೋಣಿಯಲ್ಲಿ ಬಂದು ಕರೆದೊಯ್ಯುತ್ತಾರೆ. ಅರೀಡ್‌ನಲ್ಲೂ ಹೀಗೇ. ಹೊರಡುವ ಮುನ್ನ ಚೀಲ ಪೂರ್ತಿ ಬಿಚ್ಚಿ ಕೊಡವಿ. ಒಂದು ಇಲಿಮರಿ ಸೇರಿಕೊಂಡರೂ ಐವತ್ತು ವರ್ಷಗಳ ಕೆಲಸ ಹಾಳು. ಭೇಟಿಯ ದಿನ, ಹೊತ್ತುಗಳನ್ನು ಮೊದಲೇ ವಿಚಾರಿಸಿಕೊಳ್ಳಿ.

ಕಾಲುದಾರಿ ಬಿಟ್ಟು ಒಂದು ಹೆಜ್ಜೆಯನ್ನೂ ಇಡಬೇಡಿ. ಶಿಯರ್‌ವಾಟರ್ ಹಕ್ಕಿಗಳು ನೆಲದಡಿ ಬಿಲ ತೋಡಿ ಮರಿ ಮಾಡುತ್ತವೆ, ಮೇಲೆ ಕಾಲಿಟ್ಟರೆ ಕುಸಿಯುತ್ತದೆ. ಪಿಸೋನಿಯಾದ ಅಂಟುಬೀಜ ರೆಕ್ಕೆಗೆ ಮೆತ್ತಿಕೊಂಡು ಹಾರಲಾಗದೆ ಬಿದ್ದ ನಾಡ್ಡಿ ಎಂಬ ಕಡಲ ಹಕ್ಕಿ ಕಂಡರೆ ನೀವೇ ಬಿಡಿಸಲು ಹೋಗದೆ ಕಾವಲುಗಾರರಿಗೆ ತೋರಿಸಿ.

ಇಲ್ಲಿ ಕಾಯುವುದೇ ತಂತ್ರ. ಸುಮ್ಮನೆ ಕೂತರೆ ನಮ್ಮ ಮಡಿವಾಳ ಹಕ್ಕಿಯ ಬಂಧುವಾದ, ಮೈಯೆಲ್ಲ ಕಪ್ಪಗಿದ್ದು ರೆಕ್ಕೆಯಲ್ಲಿ ಬಿಳಿ ಪಟ್ಟಿಯಿರುವ ಸೇಶೆಲ್ಸ್ ಮ್ಯಾಗ್‌ಪೈ ರಾಬಿನ್ ನಿಮ್ಮ ಬೂಟಿನ ಪಕ್ಕದ ತರಗೆಲೆ ಕೆದಕಲು ತಾನೇ ಬರುತ್ತದೆ. 1960ರ ದಶಕದಲ್ಲಿ ಇದು ಫ್ರೆಗಾಟ್ ದ್ವೀಪವೊಂದರಲ್ಲಿ ಮಾತ್ರ ಬೆರಳೆಣಿಕೆಯಷ್ಟು ಉಳಿದಿತ್ತು. ಕಾಡಿನ ನೆರಳಲ್ಲಿ ಬಿಳಿ ರೀವದ ಚಿತ್ರ ತೆಗೆಯುವಾಗ ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಿ, ಇಲ್ಲವಾದರೆ ಗರಿಗಳ ವಿವರ ಅಳಿಸಿಹೋಗುತ್ತದೆ. ಬೆಳಗುವ ಆಕಾಶ ಹಿಂದಿದ್ದರೆ ಅಷ್ಟೇ ಏರಿಸಿ. ಫ್ಲ್ಯಾಶ್, ಡ್ರೋನ್ ಎರಡೂ ಬೇಡ.

ಹಂತ 7: ಪ್ರಾಸ್ಲಿನ್, ಲಾ ಡೀಗ್

ಲಂಗರನ್ನು ಮರಳಿನ ಮೇಲೆಯೇ ಇಳಿಸಿ, ಹವಳದ ಮೇಲಲ್ಲ. ಪ್ರಾಸ್ಲಿನ್‌ನ ವಲೆ ದ ಮೇ 1983ರಿಂದ ವಿಶ್ವ ಪರಂಪರೆಯ ತಾಣ. ಕೊಕೊ ದ ಮೇರ್ ಮರಗಳ ನಡುವೆ ಕಪ್ಪು ಗಿಳಿಯನ್ನು ಕಣ್ಣಿಗಿಂತ ಮೊದಲು ಕಿವಿಯಿಂದ ಹುಡುಕಿ. ಸಸ್ಯಲೋಕದ ಅತಿ ಭಾರದ ಬೀಜ ಈ ಕೊಕೊ ದ ಮೇರ್ ಮರದ್ದೇ. ಕಡಲಲ್ಲಿ ತೇಲಿ ಬಂದ ಇದರ ಚಿಪ್ಪು ನಮ್ಮ ಸಾಧುಗಳ ಕೈಯಲ್ಲಿ ಕಮಂಡಲವಾಗಿತ್ತು. ಕೊಂಡರೆ ಸರ್ಕಾರಿ ಪರವಾನಗಿ ಪತ್ರ ಸಮೇತ ಕೊಳ್ಳಿ.

ಲಾ ಡೀಗ್‌ನಲ್ಲಿ ಬಾಡಿಗೆ ಸೈಕಲ್ ಹಿಡಿದು ವವ್ ಮೀಸಲು ಕಾಡಿಗೆ ಹೋಗಿ. ಸುರಹೊನ್ನೆ, ಕಾಡುಬಾದಾಮಿ ಮರಗಳ ಆ ಸಣ್ಣ ತೋಪಿನಲ್ಲಿ ನಮ್ಮ ರಾಜಹಕ್ಕಿಯದೇ ಕುಲದ ಕಪ್ಪು ಹಕ್ಕಿಯಿದೆ. ಗಂಡು ಪೂರ್ತಿ ಕಪ್ಪು, ಬಾಲ ಉದ್ದ. ಹೆಣ್ಣಿನ ಬೆನ್ನು ಕಂದು, ಹೊಟ್ಟೆ ಬಿಳಿ.

ಹಂತ 8: ಮೂಟ್ಯಾ ರಾತ್ರಿ

ಗುಲಾಮಗಿರಿಯ ಕಾಲದಲ್ಲಿ ಆಫ್ರಿಕಾದಿಂದ ತಂದವರು ಕಾಡಿನಲ್ಲಿ ಗುಟ್ಟಾಗಿ ಕೂಡಿ ಹಾಡಿ ಕುಣಿದದ್ದು ಮೂಟ್ಯಾ. 2021ರಲ್ಲಿ ಯುನೆಸ್ಕೋ ಅದನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಆಡಿನ ಚರ್ಮದ ಮೂಟ್ಯಾ ವಾದ್ಯವನ್ನು ನಮ್ಮ ತಮಟೆಯಂತೆಯೇ ಬೆಂಕಿಗೆ ಹಿಡಿದು ಬಿಗಿ ಮಾಡುತ್ತಾರೆ. ಮೊದಲು ಕ್ಯಾಮೆರಾ ಚೀಲದಲ್ಲೇ ಇರಲಿ, ನಾಲ್ಕು ಹಾಡು ಕೇಳಿ. ಅನುಮತಿ ಸಿಕ್ಕ ಮೇಲೆ ಬೆಂಕಿಯ ಬೆಳಕಲ್ಲೇ, ಐಎಸ್‌ಒ 3200ಕ್ಕೆ ಏರಿಸಿ ತೆಗೆಯಿರಿ.

ಹಂತ 9: ಪಟ್ಟಿ ಬರೆಯಿರಿ

ರಾತ್ರಿ ಮಲಗುವ ಮುನ್ನ ದ್ವೀಪ, ಹೊತ್ತು, ಹಕ್ಕಿ, ಸಂಖ್ಯೆ ಬರೆದು ಇ-ಬರ್ಡ್‌ಗೆ ಸೇರಿಸಿ. ಕಝಿನ್‌ನಲ್ಲಿ ಕಂಡ ಮ್ಯಾಗ್‌ಪೈ ರಾಬಿನ್‌ನ ಕಾಲಿಗೆ ಬಣ್ಣದ ಉಂಗುರಗಳಿರುತ್ತವೆ. ಎಡಗಾಲು, ಬಲಗಾಲು, ಮೇಲಿನ ಬಣ್ಣ, ಕೆಳಗಿನ ಬಣ್ಣ ಬೇರೆಬೇರೆಯಾಗಿ ಗುರುತು ಹಾಕಿಕೊಂಡು ಕಾವಲುಗಾರರಿಗೆ ಕೊಡಿ. ಆ ಹಕ್ಕಿ ಯಾವುದು, ಎಲ್ಲಿ ಹುಟ್ಟಿದ್ದು ಎಂದು ಅವರು ಹೇಳಬಲ್ಲರು.